ರಾಕ್ ಹಾಡಿನ ಯಾವ ಸಾಲಲ್ಲಿ ನೀವು ನಿಂತಿರಿ?

2019ರ ಆಗಸ್ಟ್. ಮೂಡಿಗೆರೆ ಕಡೆ ಗುಡ್ಡ ಕುಸಿದು, ಚಾರ್ಮಾಡಿ ಘಾಟಿ ಬಂದ್ ಆಗಿದ್ದ ತಿಂಗಳು. ಆಲ್ದೂರು ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ಕೊಳೆರೋಗ ಬಂದು ಕಾಯಿ ಉದುರಿ ಗಿಡದ ಬುಡವೆಲ್ಲ ಕಪ್ಪಾಗಿತ್ತು. ಅದನ್ನು ನೋಡಿಕೊಂಡು ಚಿಕ್ಕಮಗಳೂರಿಗೆ ವಾಪಸ್ ಬರುತ್ತಿದ್ದೆ. ಕಾರಿನಲ್ಲಿ ಕಾಲೇಜು ಕಾಲದ ಹಾಡುಗಳ ಪೆನ್‌ಡ್ರೈವ್ ಓಡುತ್ತಿತ್ತು. ಬ್ಲ್ಯಾಕ್ ಸಬ್ಬತ್ ತಂಡದ ‘ಪ್ಯಾರನಾಯ್ಡ್’ ಬಂತು. ಹಾಸನದಲ್ಲಿ ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್ ರೂಮಲ್ಲಿ ಬಕೆಟ್ ಬಾರಿಸಿಕೊಂಡು ಕಿರುಚಿದ ಹಾಡು ಅದು. ಅದರಲ್ಲಿ ಒಂದು ಕಡೆ, ನನ್ನ ತಲೆಗೆ ಏನಾದರೂ ಕೆಲಸ ಕೊಡ್ತೀರಾ ಅನ್ನೋ ಅರ್ಥದ ಸಾಲು ಬರುತ್ತದೆ. ನೂರಾರು ಸಲ ಕೇಳಿದ್ದೆ. ಅವತ್ತು ಆ ಸಾಲು ಬಂದಿದ್ದೇ ಕಾರನ್ನು ಒಂದು ಸಿಲ್ವರ್ ಮರದ ಪಕ್ಕಕ್ಕೆ ಹಾಕಿ ಕೂತುಬಿಟ್ಟೆ. ವೈಪರ್ ಓಡುತ್ತಲೇ ಇತ್ತು. ಅಳು ಬರಲಿಲ್ಲ. ಏನೂ ಬರಲಿಲ್ಲ. ಅದೇ ವಿಚಿತ್ರ ಅನಿಸಿತು.

ಅದಕ್ಕೂ ಎರಡು ತಿಂಗಳು ಮುಂಚಿನಿಂದ ನಾನು ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗುತ್ತಿದ್ದೆ. ನಮ್ಮ ಕಡೆ ಗೊತ್ತಲ್ಲ, ಎದೆ ಭಾರ ಇದ್ದರೆ ಗ್ಯಾಸ್ಟ್ರಿಕ್, ನಿದ್ದೆ ಬರದಿದ್ದರೆ ಗ್ಯಾಸ್ಟ್ರಿಕ್, ಊಟ ಸೇರದಿದ್ದರೂ ಗ್ಯಾಸ್ಟ್ರಿಕ್. ಡಾಕ್ಟರೂ ಬೇರೇನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳೋಕೆ ನನ್ನ ಹತ್ತಿರ ಮಾತೇ ಇರಲಿಲ್ಲ ಅನ್ನಿ. ಕಾಯಿಲೆಗೆ ಖಿನ್ನತೆ ಅನ್ನುವ ಸರಿಯಾದ ಹೆಸರು ಸಿಕ್ಕಿದ್ದು ಡಿಸೆಂಬರಿನಲ್ಲಿ. ಅದಕ್ಕೂ ಮುಂಚೆ ಸಿಕ್ಕಿದ್ದು ಆ ಸಾಲು.

ಹಾಡು ಕೇಳಿ ನಾನೇನೂ ವಾಸಿಯಾಗಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಒಂದು ಹಾಡನ್ನು ಕೂತು ಓದಿದರೆ, ಒಳಗೆ ಏನಾಗುತ್ತಿದೆ ಅಂತ ಇನ್ನೊಬ್ಬರಿಗೆ ಹೇಳುವಷ್ಟು ಮಾತು ಸಿಗುತ್ತದೆ. ಅದನ್ನು ಮಾಡುವ ಬಗೆಯನ್ನು ನನ್ನ ತಪ್ಪುಗಳ ಸಮೇತ ಬರೆದಿದ್ದೇನೆ. ಒಂದು ನೋಟ್‌ಬುಕ್, ಒಂದು ಪೆನ್ನು ಸಾಕು.

ಹಾಡು ಹುಡುಕಲು ಹೋಗಬೇಡಿ

‘ಮನಸ್ಸಿಗೆ ಸಮಾಧಾನ ಕೊಡುವ 50 ಹಾಡುಗಳು’ ಅಂತ ಪಟ್ಟಿಗಳು ಸಿಗುತ್ತವೆ. ಅವು ಬೇಡ. ನಿಮ್ಮನ್ನು ಆಗಲೇ ಹಿಡಿದುಕೊಂಡಿರುವ ಹಾಡು ಒಂದು ಇದ್ದೇ ಇರುತ್ತದೆ. ಹಲ್ಲುಜ್ಜುವಾಗ ಬಾಯಿಗೆ ಬರುವುದು ಯಾವುದು? ತಿಂಗಳಿಂದ ಮತ್ತೆ ಮತ್ತೆ ಹಾಕಿಕೊಳ್ಳುತ್ತಿರುವುದು ಯಾವುದು? ಅಥವಾ, ಇದು ಇನ್ನೂ ಒಳ್ಳೆ ಗುರುತು, ಮೊದಲು ಇಷ್ಟವಾಗಿದ್ದು ಈಗ ಶುರುವಾದ ಕೂಡಲೇ ಮುಂದಕ್ಕೆ ಓಡಿಸುತ್ತಿರುವುದು ಯಾವುದು? ಅದನ್ನೇ ತೆಗೆದುಕೊಳ್ಳಿ.

ರಾಕ್ ಹಾಡೇ ಆಗಬೇಕಾ ಅಂತ ಕೇಳಬಹುದು. ಆಗಬೇಕು ಅಂತೇನಿಲ್ಲ. ಆದರೆ ನಮ್ಮ ಮನೆಗಳಲ್ಲಿ ಯಾರೂ ಕೂಗಿ ಹೇಳುವುದಿಲ್ಲ ಅಲ್ವಾ. ‘ಏನಿಲ್ಲ ಬಿಡು, ಸ್ವಲ್ಪ ಬೇಜಾರು’ ಅಂತ ಮುಗಿಸುತ್ತೇವೆ. ನಾವು ನುಂಗಿದ್ದನ್ನು ರಾಕ್ ಹಾಡುವವನು ಆಂಪ್ಲಿಫೈಯರ್ ಇಟ್ಟುಕೊಂಡು ಕಿರುಚುತ್ತಾನೆ. ಇಂಗ್ಲಿಷ್ ಆದರೆ ಇನ್ನೊಂದು ಅನುಕೂಲ. ಪಕ್ಕದ ರೂಮಲ್ಲಿ ಅಮ್ಮ ಇದ್ದರೂ ಏನು ಹೇಳುತ್ತಿದೆ ಅಂತ ಗೊತ್ತಾಗುವುದಿಲ್ಲ.

ಹಾಡಿನಲ್ಲಿ ತನ್ನನ್ನು ಓದಿಕೊಳ್ಳುವುದು ನಮಗೇನೂ ಹೊಸದಲ್ಲ. ಜುಲೈ ತಿಂಗಳಲ್ಲಿ ಸೋರುವ ಹೆಂಚಿನ ಕೆಳಗೆ ಪಾತ್ರೆ ಇಟ್ಟು ಬೆಳೆದವರು ನಾವು. ಶಿಶುನಾಳ ಶರೀಫರ ಮಾಳಿಗೆ ಸೋರುವ ಪದ ಬರೀ ಮಾಳಿಗೆ ಬಗ್ಗೆ ಇಲ್ಲ ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಕಿವಿಯನ್ನು ಎಲೆಕ್ಟ್ರಿಕ್ ಗಿಟಾರಿಗೂ ಕೊಡಬೇಕು, ಅಷ್ಟೆ. ರಘು ದೀಕ್ಷಿತ್ ಶರೀಫರ ಪದಗಳನ್ನು ಗಿಟಾರ್, ಡ್ರಮ್ಸ್ ಜೊತೆ ಹಾಡಿದಾಗ ಎರಡು ಕಿವಿಯೂ ಒಂದೇ ಅನಿಸುತ್ತದೆ.

ಒಂದು ಎಚ್ಚರಿಕೆ. ಸಾವನ್ನು ಚೆಂದ ಮಾಡಿ ತೋರಿಸುವ ಹಾಡುಗಳಿವೆ. ಈಗ ನಿಮ್ಮ ಮನಸ್ಸು ಆ ಕಡೆ ವಾಲುತ್ತಿದ್ದರೆ ಆ ಹಾಡನ್ನು ಪಕ್ಕಕ್ಕಿಡಿ. ಈ ಲೇಖನವನ್ನೂ ಬಿಟ್ಟು, ಕೆಳಗೆ ಕೊಟ್ಟಿರುವ ನಂಬರಿಗೆ ಮೊದಲು ಫೋನ್ ಮಾಡಿ.

ಒಂದು ಸಲ, ಸುಮ್ನೆ ಕೇಳಿ

ಗಾಡಿ ಓಡಿಸುವಾಗ ಬೇಡ. ಅವತ್ತು ನನ್ನ ಹಿಂದೆ ಲಾರಿ ಇದ್ದಿದ್ದರೆ ಈ ಲೇಖನ ಇರುತ್ತಿರಲಿಲ್ಲ. ಬೆಳಿಗ್ಗೆ ರತ್ನಗಿರಿ ಬೋರೆ ಮೇಲಿನ ಕಲ್ಲುಬೆಂಚು, ಮನೆ ತಾರಸಿ, ಕರೆಂಟು ಹೋದ ಸಂಜೆಯ ಜಗುಲಿ, ಎಲ್ಲಾದರೂ ಆದೀತು. ಬೇರೆ ಏನೂ ಮಾಡದೆ ಪೂರ್ತಿ ಕೇಳಿ. ಯಾವ ಸಾಲು ಬಂದಾಗ ಉಸಿರು ಬದಲಾಯಿತು ಅನ್ನುವುದನ್ನು ಮಾತ್ರ ನೆನಪಿಡಿ.

ಈಗ ಕೈಯಲ್ಲಿ ಬರೆಯಿರಿ

ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯುವ ಕೆಲಸ ಇದು. ಹೆಚ್ಚು ಕೊಡುವುದೂ ಇದೇ. ಹಾಡನ್ನು ನಿಲ್ಲಿಸಿ ನಿಲ್ಲಿಸಿ, ನಿಮ್ಮ ಕಿವಿಗೆ ಕೇಳಿಸಿದ ಹಾಗೆ ಪೂರ್ತಿ ಬರೆದುಕೊಳ್ಳಿ. ಆಮೇಲೆ ಆಲ್ಬಂ ಜೊತೆ ಬಂದ ಅಥವಾ ತಂಡದವರೇ ಕೊಟ್ಟ ಸಾಹಿತ್ಯದ ಜೊತೆ ಹೋಲಿಸಿ.

ನನಗೆ ಇಲ್ಲೇ ಮೊದಲ ಏಟು ಬಿತ್ತು. ‘ಪ್ಯಾರನಾಯ್ಡ್’ ಮುಗಿಯುವ ಹೊತ್ತಿಗೆ, ನೀವು ಬದುಕನ್ನು ಸವಿಯಿರಿ ಅಂತ ಹೇಳುವ ಮಾತೊಂದು ಬರುತ್ತದೆ. ಇಪ್ಪತ್ತು ವರ್ಷ ನನ್ನ ಕಿವಿಗೆ ಅದು ಸರಿಯಾಗಿ ಉಲ್ಟಾ ಕೇಳಿಸಿತ್ತು, ಬದುಕನ್ನು ಮುಗಿಸು ಅಂತ. ಹಾಗೆ ತಪ್ಪು ಕೇಳಿಸಿಕೊಂಡವರು ಪ್ರಪಂಚದಲ್ಲಿ ತುಂಬ ಜನ ಇದ್ದಾರಂತೆ. ಕಿವಿ ತಪ್ಪು ಮಾಡಿದ ಜಾಗಕ್ಕೂ ಒಂದು ಗುರುತು ಹಾಕಿಡಿ. ಹಾಡು ಹೇಳದ್ದನ್ನು ನಾವು ಕೇಳಿಸಿಕೊಂಡಿದ್ದೇವೆ ಅಂದರೆ ಅದು ಬಂದಿದ್ದು ಎಲ್ಲಿಂದ?

ಆಮೇಲೆ ನೀವು ನಿಂತ ಸಾಲನ್ನು ಕನ್ನಡಕ್ಕೆ ತನ್ನಿ. ಪುಸ್ತಕದ ಕನ್ನಡ ಬೇಡ, ನಿಮ್ಮ ಅಡುಗೆಮನೆಯ ಕನ್ನಡ. ನನ್ನ ಸಾಲನ್ನು ಮೊದಲು ಫೋನಿಗೆ ಕೊಟ್ಟೆ. ‘ನನ್ನ ಮೆದುಳನ್ನು ಆಕ್ರಮಿಸಿಕೊಳ್ಳಲು ನೀವು ನೆರವಾಗುವಿರಾ’ ಅಂತ ಬಂತು. ಯುದ್ಧಕ್ಕೆ ಕರೆದ ಹಾಗಿತ್ತು. ಎರಡನೇ ಸಲ ನಾನೇ ಬರೆದೆ: ‘ನನ್ನ ಮನಸ್ಸಿಗೆ ಏನಾದರೂ ಕೆಲಸ ಕೊಡುವಿರಾ?’ ಅರ್ಜಿ ಬರೆದ ಹಾಗಾಯಿತು. ಮೂರನೇ ಸಲ, ‘ಈ ತಲೆಗೆ ಒಂದು ಕೆಲ್ಸ ಕೊಡ್...’ ಅಂತ ಬರೆದು ಪೆನ್ನು ನಿಂತಿತು.

ಯಾಕೆ ನಿಂತಿತು ಗೊತ್ತಾ? ಇಂಗ್ಲಿಷಿನಲ್ಲಿ ಯಾರನ್ನು ಕೇಳಿದರೂ ಒಂದೇ ಪದ. ಕನ್ನಡದಲ್ಲಿ ಹಾಗೆ ತಪ್ಪಿಸಿಕೊಳ್ಳುವ ಹಾಗಿಲ್ಲ. ಕೊಡಿ ಅಂದರೆ ಡಾಕ್ಟರು, ದೊಡ್ಡವರು, ದೇವರು ಬೇಕಾದರೂ ಆಗಬಹುದು. ಕೊಡೋ ಅಂದರೆ ಗೆಳೆಯ. ಕ್ರಿಯಾಪದ ಮುಗಿಸಬೇಕು ಅಂದರೆ ಎದುರಿಗೆ ಯಾರಿದ್ದಾರೆ ಅಂತ ತೀರ್ಮಾನ ಆಗಲೇಬೇಕು. ಐದು ನಿಮಿಷ ಕೂತೆ. ಕೈ ಬರೆದಿದ್ದು ‘ಕೊಡೇ’ ಅಂತ.

ನಾನು ಹಾಗೆ ಕರೆಯುವುದು ಒಬ್ಬರನ್ನೇ. ಬೇಲೂರಿನಲ್ಲಿರುವ ನಮ್ಮ ಅಕ್ಕನನ್ನು. ಹೆಂಡತಿಗೆ ಹೇಳಬೇಕಾ, ತೋಟದ ಸಾಲ ಗೊತ್ತಿರುವ ಗೆಳೆಯನಿಗೆ ಹೇಳಬೇಕಾ ಅಂತ ವಾರಗಟ್ಟಲೆ ಒದ್ದಾಡಿದ್ದೆ. ಅಕ್ಕ ತಲೆಗೇ ಬಂದಿರಲಿಲ್ಲ. ಉತ್ತರ ಸಿಕ್ಕಿದ್ದು ಒಂದು ಅಕ್ಷರದಲ್ಲಿ.

ಹಾಗಾಗಿ ಅನುವಾದ ಮಾಡುವಾಗ ಪದದ ಅರ್ಥಕ್ಕಿಂತ ಕೊನೆಯನ್ನು ನೋಡಿ. ಕೊಡಿ, ಕೊಡೋ, ಕೊಡೇ, ಕೊಡಪ್ಪ, ಎಲ್ಲವನ್ನೂ ಬಾಯಿಬಿಟ್ಟು ಹೇಳಿ ನೋಡಿ. ಒಂದು ಸರಿಯಾಗಿ ಕೂರುತ್ತದೆ. ಹಾಡು ಕನ್ನಡದ್ದೇ ಆಗಿದ್ದರೆ ಅದನ್ನು ನಿಮ್ಮೂರಿನ ಮಾತಿಗೆ ತಿರುಗಿಸಿ, ಆಗಲೂ ಇದು ನಡೆಯುತ್ತದೆ.

ಎರಡು ಕಾಲಂ ಹಾಕಿ

ಪುಟದ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ ಹಾಡಿನ ಕತೆ, ಬಲಗಡೆ ನಿಮ್ಮದು. ಎರಡನ್ನೂ ಕಲಸಬೇಡಿ. ಹಾಡು ಬರೆದವನಿಗೆ ಅವನದೇ ಕಾರಣ ಇರುತ್ತದೆ. ಅದನ್ನು ತಿಳಿದುಕೊಂಡರೆ ಲಾಭವೇ ಹೊರತು ನಷ್ಟವಿಲ್ಲ.

ನನ್ನ ಎಡಗಡೆ ಕಾಲಂ ಹೀಗಿತ್ತು. ಹಾಡು ಬಂದಿದ್ದು 1970ರಲ್ಲಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ನಾಲ್ಕು ಹುಡುಗರ ಎರಡನೇ ಆಲ್ಬಂ. ಆಲ್ಬಂ ತುಂಬಲು ಇನ್ನೂ ಮೂರು ನಿಮಿಷ ಬೇಕಾಗಿತ್ತು. ಉಳಿದವರು ಊಟಕ್ಕೆ ಹೋದಾಗ ಗಿಟಾರಿನ ಟೋನಿ ಅಯೋಮಿ ಆ ಧಾಟಿ ಹುಡುಕಿದ. ಬೇಸ್ ನುಡಿಸುವ ಗೀಜರ್ ಬಟ್ಲರ್ ಗಡಿಬಿಡಿಯಲ್ಲಿ ಸಾಹಿತ್ಯ ಬರೆದ. (ಹೌದು, ನಮ್ಮ ಬಚ್ಚಲುಮನೆಯ ಗೀಜರ್ ಥರವೇ ಹೆಸರು.) ಆಜಿ ಆಸ್ಬರ್ನ್ ಹಾಡಿದ. ಶುರುವಿನಲ್ಲಿ ಹುಡುಗಿಯನ್ನು ಬಿಟ್ಟ ಮಾತು ಬರುವುದರಿಂದ ಪ್ರೀತಿ ಮುರಿದ ಹಾಡು ಅನಿಸುತ್ತದೆ. ಆದರೆ ಬಟ್ಲರ್ ಬರೆದಿದ್ದು ತನ್ನ ಖಿನ್ನತೆ ಬಗ್ಗೆ.

ಇನ್ನೊಂದು ವಿಷಯ ಕೇಳಿ. ‘ಪ್ಯಾರನಾಯ್ಡ್’ ಅನ್ನುವ ಪದ ಇಡೀ ಹಾಡಿನಲ್ಲಿ ಎಲ್ಲೂ ಇಲ್ಲ. ಆ ಪದಕ್ಕೆ ಅರ್ಥ ಎಲ್ಲರ ಮೇಲೂ ವಿಪರೀತ ಸಂಶಯ ಪಡುವುದು. ಹಾಡಿನಲ್ಲಿರುವುದು ಸಂಶಯ ಅಲ್ಲವೇ ಅಲ್ಲ. ಯಾವುದರಲ್ಲೂ ಖುಷಿ ಸಿಗದೆ ಇರುವುದು, ಬೇರೆಯವರು ನಗುವಾಗ ಅಳು ಬರುವುದು. ಅದು ಖಿನ್ನತೆ. ಅಂದರೆ ಡಬ್ಬಿಯ ಮೇಲೆ ಬೇರೆ ಚೀಟಿ, ಒಳಗೆ ಬೇರೆ ಸಾಮಾನು. ಇದನ್ನು ಎಡಗಡೆ ಬರೆದು, ಬಲಗಡೆ ನಾನು ಒಂದೇ ಪದ ಬರೆದೆ: ಗ್ಯಾಸ್ಟ್ರಿಕ್.

ಇನ್ನೊಂದು ಉದಾಹರಣೆ ಕೊಡುತ್ತೇನೆ. ಪಿಂಕ್ ಫ್ಲಾಯ್ಡ್ ತಂಡದ ‘ಕಂಫರ್ಟಬ್ಲಿ ನಂಬ್’ ಹಾಡನ್ನು ಹಾಸ್ಟೆಲಿನಲ್ಲಿ ನಾವೆಲ್ಲ ನಶೆಯ ಹಾಡು ಅಂತಲೇ ತೀರ್ಮಾನ ಮಾಡಿದ್ದೆವು. ಅದರ ಹಿಂದೆ ಇರುವುದು 1977ರ ಒಂದು ಸಂಜೆ. ಫಿಲಡೆಲ್ಫಿಯಾದಲ್ಲಿ ಕಾರ್ಯಕ್ರಮಕ್ಕೆ ಮುಂಚೆ ಆ ತಂಡದ ರೋಜರ್ ವಾಟರ್ಸ್‌ಗೆ ಹೊಟ್ಟೆ ಹಿಂಡುತ್ತಿತ್ತು. ಡಾಕ್ಟರ್ ಬಂದು ಇಂಜೆಕ್ಷನ್ ಚುಚ್ಚಿದ. ಕೈ ಎತ್ತಲೂ ಆಗದ ಸ್ಥಿತಿಯಲ್ಲಿ ಅವನು ಎರಡು ಗಂಟೆ ಸ್ಟೇಜ್ ಮೇಲೆ ನಿಂತ. ಹೊಟ್ಟೆನೋವು ಅಂದವನಿಗೆ ಬೇರೇನೂ ಕೇಳದೆ ಔಷಧಿ ಕೊಟ್ಟು ಕಳಿಸುವುದು ನಮ್ಮ ಜಿಲ್ಲೆಯಲ್ಲಿ ಮಾತ್ರ ಅಂದುಕೊಂಡಿದ್ದೆ.

ಬಲಗಡೆ ಕಾಲಮಿಗೆ ಬನ್ನಿ. ಇಲ್ಲಿ ‘ಯಾಕೆ’ ಅಂತ ಕೇಳಿಕೊಳ್ಳಬೇಡಿ. ಯಾಕೆ ಅಂದ ಕೂಡಲೇ ನಮ್ಮ ತಲೆ ವಕೀಲನ ಹಾಗೆ ವಾದ ಹೂಡುತ್ತದೆ. ಯಾವಾಗ, ಎಲ್ಲಿ, ಯಾರ ಎದುರು, ಮೈಯಲ್ಲಿ ಎಲ್ಲಿ ಅಂತ ಮಾತ್ರ ಬರೆಯಿರಿ. ನನ್ನ ನೋಟ್‌ಬುಕ್ಕಿನಿಂದ ಒಂದು: ‘ರಾತ್ರಿ ಮೂರು. ಶೀಟಿನ ಮೇಲೆ ಮಳೆ. ಬ್ಯಾಂಕಿನ ಸಾಲ ಕೂಡಿಸಿದೆ. ಏಳು ಸಲ. ಏಳು ಸಲವೂ ಅಷ್ಟೇ. ದವಡೆ ನೋವು.’ ಓದಿದರೆ ಏನೂ ಇಲ್ಲ ಅನಿಸುತ್ತದೆ ಅಲ್ವಾ? ಆದರೆ ತಲೆಗೆ ಬೇರೆ ಕೆಲಸ ಬೇಕು ಅಂತ ಯಾಕೆ ಆ ಸಾಲಿನಲ್ಲಿ ನಿಂತೆ ಅನ್ನುವುದು ಅದರಲ್ಲೇ ಇತ್ತು. ದವಡೆ ಕಚ್ಚಿಕೊಂಡೇ ಮಲಗುತ್ತಿದ್ದೆ ಅಂತಲೂ ಅವತ್ತೇ ಗೊತ್ತಾಗಿದ್ದು.

ನಿಮಗೆ ಹೊಂದದ ಸಾಲುಗಳನ್ನು ಹೊಡೆದು ಹಾಕಿ. ಇದನ್ನು ಯಾರೂ ಮಾಡುವುದಿಲ್ಲ. ಹಾಡು ಇಷ್ಟ ಆಯಿತು ಅಂದರೆ ಪೂರ್ತಿ ಹಾಡೇ ನಾನು ಅಂದುಕೊಳ್ಳುತ್ತೇವೆ. ‘ಪ್ಯಾರನಾಯ್ಡ್’ ಕೊನೆಯಲ್ಲಿ, ನನಗೆ ಈಗ ತಡವಾಯಿತು ಅನ್ನುವ ಮಾತಿದೆ. ಅದರ ಮೇಲೆ ನಾನು ಗೆರೆ ಎಳೆದು ಪಕ್ಕದಲ್ಲಿ ‘ಇದು ನನ್ನದಲ್ಲ’ ಅಂತ ಬರೆದೆ. ಬರೆಯುವಾಗ ಪೂರ್ತಿ ನಂಬಿಕೆ ಇರಲಿಲ್ಲ. ಆದರೂ ಬರೆದೆ.

ಅಲಾರಂ ಇಟ್ಟುಕೊಳ್ಳಿ

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ತಮ್ಮ ನೋವಿನ ಬಗ್ಗೆ ಬರೆದರು. ನೋವು ಮತ್ತು ನಡೆದ ಸಂಗತಿ ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ್ ಹತ್ತಿರ ಹೋಗಿದ್ದು ಕಡಿಮೆ. ಆದರೆ ಬರೆದ ತಕ್ಷಣ ಮನಸ್ಸು ಇನ್ನೂ ಭಾರವಾಗಿತ್ತು. ನನಗೂ ಮೊದಲ ದಿನ ಹಾಗೇ ಆಯಿತು. ಹೆದರಬೇಡಿ. ಹಾಗಂತ ಗಂಟೆಗಟ್ಟಲೆ ಕೂರಬೇಡಿ. 15 ನಿಮಿಷ, ನಾಲ್ಕು ದಿನ, ಸಾಕು.

ಅಲಾರಂ ಯಾಕೆ ಅಂದರೆ, ಹಾಡನ್ನು ಓದುವುದಕ್ಕೂ ಹಾಡಿನಲ್ಲಿ ಮುಳುಗುವುದಕ್ಕೂ ನಡುವಿನ ಗೆರೆ ಸಣ್ಣದು. ಒಂದೇ ಹಾಡನ್ನು ಹದಿನೈದು ಸಲ ಹಾಕಿಕೊಂಡು, ಒಂದೇ ಯೋಚನೆಯನ್ನು ತಿರುಗಿಸುತ್ತಾ ಕೂತರೆ ಅದಕ್ಕೆ ಮೆಲುಕು ಹಾಕುವುದು ಅನ್ನುತ್ತೇವೆ. ಇಂಗ್ಲಿಷಿನ ಮನಶ್ಶಾಸ್ತ್ರದವರೂ ಹಸುವಿನ ಮೆಲುಕಿನ ಪದವನ್ನೇ ಇದಕ್ಕೆ ಇಟ್ಟುಕೊಂಡಿದ್ದಾರೆ. ಹಸುವಿಗೆ ಹುಲ್ಲು ಜೀರ್ಣವಾಗುತ್ತದೆ. ನಮಗೆ ಏನೂ ಆಗುವುದಿಲ್ಲ, ಬೆಳಗಾಗುತ್ತದೆ ಅಷ್ಟೆ. ಕೂರುವ ಮುಂಚೆ ಮನಸ್ಸಿನ ಭಾರಕ್ಕೆ ಹತ್ತರಲ್ಲಿ ಒಂದು ನಂಬರ್ ಕೊಡಿ. ಎದ್ದು ಒಂದು ಗಂಟೆ ಆದ ಮೇಲೆ ಇನ್ನೊಂದು ಕೊಡಿ. ನಾಲ್ಕು ದಿನವೂ ಏರುತ್ತಲೇ ಹೋದರೆ ಆ ಹಾಡು ಬಿಡಿ, ನೋಟ್‌ಬುಕ್ ಮುಚ್ಚಿ, ಸೀದಾ ಮುಂದಿನ ಹೆಜ್ಜೆಗೆ ಹೋಗಿ.

ಒಬ್ಬರಿಗೆ ತೋರಿಸಿ

ಅಕ್ಕನಿಗೆ ಫೋನ್ ಮಾಡಿದೆ. ಖಿನ್ನತೆ, ಮಾನಸಿಕ ಅಂತೆಲ್ಲ ಶುರು ಮಾಡಿದ್ದರೆ ಅವಳು ಗಾಬರಿಯಾಗುತ್ತಿದ್ದಳು, ನಾನೂ ನಾಚಿಕೆಯಿಂದ ಮಾತು ತಿರುಗಿಸುತ್ತಿದ್ದೆ. ಬರೆದಿದ್ದನ್ನೇ ಓದಿದೆ.

‘ಅಕ್ಕಾ, ಈ ತಲೆಗೆ ಒಂದು ಕೆಲ್ಸ ಕೊಡೇ. ಸುಮ್ನೆ ಕೂರಕ್ಕೆ ಆಗ್ತಿಲ್ಲ.’

ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಇಲ್ಲ. ಕುಕ್ಕರ್ ಒಂದು ಸಲ ಕೂಗಿತು.

‘ನಿದ್ದೆ ಮಾಡ್ತಿದೀಯೇನೋ?’

‘ಇಲ್ಲ.’

‘ಎಷ್ಟು ದಿನದಿಂದ?’

ಡಾಕ್ಟರ್ ಕೇಳಬೇಕಾಗಿದ್ದ ಪ್ರಶ್ನೆ. ಭಾನುವಾರ ಅವಳೇ ಬಸ್ಸು ಹತ್ತಿ ಬಂದಳು.

ನೀವು ಹೇಳುವಾಗ ಹಾಡನ್ನು ಕೇಳಿಸಲೇಬೇಕು ಅಂತಿಲ್ಲ. ನಮ್ಮ ಅಕ್ಕನಿಗೆ ಆ ಹಾಡು ಕೇಳಿಸಿದ್ದರೆ ನನಗಿಂತ ಅವಳಿಗೇ ತಲೆನೋವು ಬರುತ್ತಿತ್ತು. ಕನ್ನಡಕ್ಕೆ ತಂದ ಒಂದು ಸಾಲು, ಬಲಗಡೆ ಕಾಲಮಿನ ಒಂದು ತುಣುಕು, ಅಷ್ಟು ಸಾಕು. ಇನ್ನು ಇದನ್ನು ಕೇಳಿಸಿಕೊಳ್ಳುವವರಿಗೆ ಒಂದು ಮಾತು. ‘ಇಂಥ ಹಾಡೆಲ್ಲ ಕೇಳಿಯೇ ಹೀಗಾಗಿದ್ದು’ ಅಂತ ದಯವಿಟ್ಟು ಹೇಳಬೇಡಿ. ಹಾಸನದಲ್ಲಿ ನನ್ನ ಜೊತೆ ಬಕೆಟ್ ಬಾರಿಸುತ್ತಿದ್ದವನು ಹತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದು ಈ ಒಂದು ಮಾತಿನಿಂದ.

ಡಾಕ್ಟರ್ ಹತ್ತಿರ ಯಾವಾಗ

ಹಾಡಿನಿಂದ ನಿಮ್ಮ ಕಾಯಿಲೆ ಏನು ಅಂತ ನೀವೇ ತೀರ್ಮಾನ ಮಾಡಬೇಡಿ. ಬಟ್ಲರನೇ ಹೆಸರು ತಪ್ಪು ಇಟ್ಟಿದ್ದ. ಲೆಕ್ಕ ಸುಲಭ ಇದೆ. ಮನಸ್ಸು ಕುಗ್ಗಿರುವುದು ಅಥವಾ ಮೊದಲು ಇಷ್ಟವಿದ್ದದ್ದು ಯಾವುದೂ ಬೇಡವಾಗಿರುವುದು, ಜೊತೆಗೆ ನಿದ್ದೆ, ಊಟ, ಕೆಲಸ ಕೆಟ್ಟಿರುವುದು, ಇದು ಎರಡು ವಾರ ಹೆಚ್ಚುಕಡಿಮೆ ದಿನವೂ ಇದ್ದರೆ ಮನೋವೈದ್ಯರನ್ನು ನೋಡಿ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯುವುದು ಬೇಡ, ಅವತ್ತೇ ಹೇಳಿ. ಒಬ್ಬರೇ ಇರಬೇಡಿ. ಏನಾದರೂ ಮಾಡಿಕೊಂಡುಬಿಡುತ್ತೇನೆ ಅನಿಸಿದರೆ ಸೀದಾ ಆಸ್ಪತ್ರೆಗೆ ಹೋಗಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416. 2022ರ ಅಕ್ಟೋಬರಿನಲ್ಲಿ ಶುರುವಾಗಿದ್ದು. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನನ್ನ ಕಾಲಕ್ಕೆ ಇದು ಇರಲಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ತಾಲ್ಲೂಕು ಆಸ್ಪತ್ರೆಗೆ ಅವರು ಬರುವ ದಿನ ಯಾವುದು ಅಂತ ಹೋಗುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ. ಆ ಕಾರ್ಯಕ್ರಮದ ಹೆಸರು ಮನೋಚೈತನ್ಯ, ಹಾಗಂತ ಕೇಳಿದರೆ ಆಸ್ಪತ್ರೆಯವರಿಗೆ ಅರ್ಥವಾಗುತ್ತದೆ.

ನೋಟ್‌ಬುಕ್ ತೆಗೆದುಕೊಂಡು ಹೋಗಿ. ಎದುರಿಗೆ ಕೂತಾಗ ಬಾಯಿ ಒಣಗಿ, ಅಭ್ಯಾಸಬಲದಿಂದ ‘ಗ್ಯಾಸ್ಟ್ರಿಕ್ ಸಾರ್’ ಅಂತ ಬಂದೇ ಬರುತ್ತದೆ. ನನಗೂ ಬಂತು. ಪಕ್ಕದಲ್ಲಿ ಕೂತಿದ್ದ ಅಕ್ಕ ನನ್ನ ಕೈಯಿಂದ ನೋಟ್‌ಬುಕ್ ಕಿತ್ತು ಬಲಗಡೆ ಕಾಲಂ ತೋರಿಸಿದಳು. ಡಾಕ್ಟರ್ ಅದನ್ನು ಎರಡು ಸಲ ಓದಿ, ಪೆನ್ನು ಕೆಳಗಿಟ್ಟು ಮಾತು ಶುರು ಮಾಡಿದರು. ಮಾತ್ರೆ ಕೊಟ್ಟರೆ ಅದು ಕೆಲಸ ಮಾಡಲು ಕೆಲವು ವಾರ ಬೇಕು, ನಡುವೆ ನೀವಾಗೇ ನಿಲ್ಲಿಸಬೇಡಿ.

ಆರು ತಿಂಗಳಿಗೊಮ್ಮೆ ಮತ್ತೆ

ಅದೇ ಹಾಡು, ಹೊಸ ಪುಟ. ತಾರೀಖು ಹಾಕಿ. ಹಳೇ ಪುಟವನ್ನು ಮೊದಲೇ ತಿರುವಿ ನೋಡಬೇಡಿ, ಆಮೇಲೆ ಹೋಲಿಸಿ. ನನಗೆ ಒಂದು ವರ್ಷ ಅದೇ ಸಾಲಿನಲ್ಲಿ ಉಸಿರು ಹಿಡಿಯುತ್ತಿತ್ತು. ಆಮೇಲೆ ನಗು-ಅಳುವಿನ ಸಾಲಿಗೆ ಹೋಯಿತು. ಈ ಮಳೆಗಾಲದಲ್ಲಿ ಹಾಕಿದಾಗ ಎಲ್ಲೂ ನಿಲ್ಲದೆ ಗಿಟಾರ್ ಬರುವ ಜಾಗಕ್ಕೆ ಬಂದುಬಿಟ್ಟೆ. ಕೈ ತಾನಾಗೇ ಊಟದ ಟೇಬಲ್ ಬಾರಿಸುತ್ತಿತ್ತು. ಒಳಗಿನಿಂದ ಮಗಳು ಕೂಗಿದಳು, ‘ಅಪ್ಪಾ, ಸೌಂಡ್ ಕಮ್ಮಿ ಮಾಡು, ನಾಳೆ ಟೆಸ್ಟ್ ಇದೆ.’